ಕಾಲಕಾಲೇಶ್ವರನಿಗೆ, ಮಾಳಿಗೆ ಮನೆಯಿಂದ

ಕಾಲಕಾಲೇಶ್ವರಾ, ಗಜೇಂದ್ರಗಡದ ಗುಡ್ಡದಲ್ಲಿ ನೆಲೆನಿಂತ ಒಡೆಯಾ, ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕೆಂಪು ಬಣ್ಣ ಇಟ್ಟು ಬಂದರೆ ಬೆಳಗಾಗುವುದರೊಳಗೆ ನಿನ್ನ ಗುಡಿ ತಾನೇ ಬಳಿದುಕೊಂಡಿರುತ್ತದೆ ಎಂದು ನಂಬಿದವರು ನಾವು. ಯಾವ ಬಣ್ಣ ಹೆಚ್ಚು ಹತ್ತಿದೆ ಎಂದು ನೋಡಿ ಬೆಳೆಯ ಲೆಕ್ಕ ಹಾಕಿದವರು. ನಮ್ಮ ಮನೆಗಳಿಗೆ ಆ ಭಾಗ್ಯ ಇಲ್ಲ ತಂದೆ. ರೋಣ, ನರಗುಂದದ ಎರೆನಾಡಿನ ಮಾಳಿಗೆ ಮನೆ ವರ್ಷಾ ವರ್ಷ ಕೈ ಬೇಡುತ್ತದೆ.

ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಮುಂಗಾರಿಗೆ ಮೊದಲು ಯಾರಾದರೂ ಹತ್ತಿ ಕಸ ಕೀಳಬೇಕು, ಬಿರುಕಿಗೆ ಹೊಸ ಮಣ್ಣು ಹೊಡೆದು ತುಳಿಯಬೇಕು, ನೀರು ದೋಣಿಯ ಕಡೆಗೇ ಹರಿಯುವಂತೆ ಮಾಡಬೇಕು. ನಾಲ್ಕು ಮಳೆಗಾಲ ಯಾರೂ ಹತ್ತದಿದ್ದರೆ ಮುಗಿಯಿತು. ಕೆಳಗೆ ನೆಲ ಸಾರಿಸುವವರು, ಗೋಡೆಗೆ ಮಣ್ಣು ಮೆತ್ತುವವರು, ಗೋದಲಿಯ ಕಸ ಬಳಿಯುವವರು ಬೇರೆ. ಮುತ್ತಜ್ಜ ಕಟ್ಟಿಸಿದ ಮನೆ ಎಂದು ನಾವು ಹೇಳಿಕೊಳ್ಳುತ್ತೇವೆ. ಬೇರೆ ಊರಿಂದ ಸೊಸೆಯಾಗಿ ಬಂದವರು ದಿನಾ ಕಟ್ಟಿದ್ದನ್ನು ಯಾರು ಲೆಕ್ಕಕ್ಕೆ ಹಿಡಿದರು?

ಅದಕ್ಕೇ, ಎಲ್ಲರೂ ಒಂದೇ ಒಲೆಯಲ್ಲಿ ಉಂಡ ಕಾಲ ಮರಳಿ ಬರಲಿ ಎಂದು ನಾನು ಬೇಡುವುದಿಲ್ಲ. ಆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದವರನ್ನು ಕೇಳದೆ ಬೇಡುವ ಬೇಡಿಕೆ ಅದು. ವಾಟ್ನಿ ಆಗಲಿ, ಮನೆ ಪಾಲಾಗಲಿ, ಪಡಸಾಲೆಯ ನಡುವೆ ಗೋಡೆ ಏಳಲಿ. ದೇವರ ಮನೆ ಮಾತ್ರ ಕೂಡಿಯೇ ಇರಲಿ, ಪಾಳಿಯ ಮೇಲೆ ದೀಪ ಹಚ್ಚೋಣ.

ಯಾವ ಮನೆ ಇದ್ದಂತೆಯೇ ಉಳಿದೀತು? ಅರಮನೆಗಳ ಗತಿಯೂ ನಿನಗೆ ಗೊತ್ತು. ನರಗುಂದದ ಬಾಬಾಸಾಹೇಬ ಭಾವೆಗೆ ಮಗನಿರಲಿಲ್ಲ, ಇಂಗ್ಲಿಷರು ದತ್ತಕಕ್ಕೆ ಒಪ್ಪಲಿಲ್ಲ. ಬಂಡೆದ್ದ ಅರಸನನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅರಸನ ವಂಶಕ್ಕೇ ಸರಕಾರದ ಒಪ್ಪಿಗೆ ಬೇಕಾಗಿದ್ದ ಕಾಲ ಅದು. ನಮ್ಮಂಥವರ ಮನೆಗಳಿಗೆ ಹೊಳೆಯೇ ಸಾಕಾಯಿತು: 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಹೊಳೆಸಾಲಿನ ಮಣ್ಣಿನ ಗೋಡೆಗಳನ್ನು ಕರಗಿಸಿತು. ಅದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಹೇಳಬೇಕಾದ್ದು ಹಗೇವಿನ ಮಾತು. ಹಿರಿಯರು ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಬಾಯಿ ತೆರೆದು ಗಾಳಿಗೆ ಬಿಟ್ಟು, ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಬರಗಾಲದಲ್ಲಿ ನಮ್ಮ ಜೀವ ಹಿಡಿದದ್ದು ಆ ಕಾಳು. ಆಮೇಲೆ ಗೋದಾಮು ಬಂತು, ಚೀಲ ಬಂತು. ಹಗೇವಿನ ಮೇಲೆ ಬಂಡೆ ಹಾಸಿ, ಫರಸಿ ಕೂಡಿಸಿ, ಕಾಟು ಹಾಕಿ ಮಲಗಿದೆವು. ಎಲ್ಲಿತ್ತು ಎಂಬುದು ಅಜ್ಜಿಯರ ಜೊತೆಗೇ ಹೋಯಿತು. ಈಚಿನ ವರ್ಷಗಳಲ್ಲಿ ನರಗುಂದದ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಡುತ್ತಿದೆ. ಅಂತರ್ಜಲ ಏರಿ ಹಳೆಯ ಹಗೇವುಗಳು ಕುಸಿಯುತ್ತಿವೆ ಎನ್ನುತ್ತಾರೆ ತಿಳಿದವರು. ಕೂಸು ಅಂಬೆಗಾಲಿಡುವ ಜಾಗದಲ್ಲಿ ನೆಲ ಗಟ್ಟಿಯಿರಲಿ, ಸ್ವಾಮಿ. ನಮ್ಮನ್ನು ಸಾಕಿದ ಕುಣಿ ನಮ್ಮನ್ನೇ ನುಂಗದಿರಲಿ.

ಇನ್ನೊಂದೇ ಉಳಿಯಿತು, ಅದು ಮನೆಮಗಳದ್ದು. 1994ರಲ್ಲಿ ಕರ್ನಾಟಕ, 2005ರಲ್ಲಿ ಇಡೀ ದೇಶ, ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲಿದೆ ಎಂದು ಕಾಯಿದೆ ತಿದ್ದಿತು. ನಾವು ಮಾತ್ರ ಪಂಚಮಿಗೆ ತವರಿಗೆ ಕರೆದು, ಉಂಡಿ ತಿನ್ನಿಸಿ, ಸೀರೆ ಉಡಿಸಿ, ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಅವಳೂ ತವರು ತಪ್ಪೀತೆಂದು ಹಾಕುತ್ತಾಳೆ. ಸೊಸೆಯಾಗಿ ಹೋದ ಮನೆಯ ಉತಾರದಲ್ಲಿ ಹೆಸರಿಲ್ಲ, ಹುಟ್ಟಿದ ಮನೆಯದರಲ್ಲಿ ಉಳಿಯಲಿಲ್ಲ. ಮುಂದಿನ ಬಾರಿ ನಾನು ಆ ಕಾಗದ ಚಾಚುವಾಗ ನನ್ನ ಅಕ್ಕನ ಬಾಯಲ್ಲಿ ನಿಂತು ನೀನೇ ಮಾತಾಡು: “ಸೀರಿ ನೀನ ಇಟ್ಟಕೊಳೋ ತಮ್ಮಾ, ನನ್ನ ಪಾಲಿನ ಕ್ವಾಣಿ ಯಾವದು ಹೇಳು.”