ಅಪ್ಪನ ತಿಥಿಗೆ ಎರಡು ತಾರೀಖು

ತಾರೀಖು ಎಂದರೆ ಒಂದು ಸಂಖ್ಯೆ ಎಂದು ನಂಬಿ ಇಪ್ಪತ್ತೆರಡು ವರ್ಷ ಸಂಬಳ ಎಣಿಸಿದವನು ನಾನು. ಒಂದೇ ಸಾಫ್ಟ್‌ವೇರನ್ನು ದೇಶದೇಶದವರಿಗೆ ಒಗ್ಗಿಸುವ ಕೆಲಸ. ಥಾಯ್ಲೆಂಡಿನವರಿಗೆ ಇಸವಿಗೆ 543 ಕೂಡಿಸು, ಇಥಿಯೋಪಿಯಾದವರಿಗೆ ಹದಿಮೂರನೇ ತಿಂಗಳಿಗೆ ಜಾಗ ಬಿಡು, ಜಪಾನಿನಲ್ಲಿ ಚಕ್ರವರ್ತಿ ಬದಲಾದರೆ ವರ್ಷವನ್ನು ಮತ್ತೆ ಒಂದರಿಂದ ಎಣಿಸು. ಹೊರಗೆ ಏನೇ ಕಾಣಲಿ, ಒಳಗಿರುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕ. ನಮ್ಮ ಸಿದ್ಧಾಂತಕಾರರೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದರು. ಕಲಿಯುಗದ ಆರಂಭದಿಂದ, ಅಂದರೆ ಕ್ರಿ.ಪೂ. 3102ರ ಫೆಬ್ರವರಿಯಿಂದ, ಎಷ್ಟು ದಿನ ಕಳೆಯಿತೆಂದು ಎಣಿಸಿ ಅದಕ್ಕೆ ಅಹರ್ಗಣ ಎಂದರು. ಹೊಸದಾಗಿ ಸೇರಿದ ಹುಡುಗರಿಗೆ ನಾನು ಛಾಂದೋಗ್ಯದ ಮಣ್ಣು–ಮಡಕೆಯ ದೃಷ್ಟಾಂತ ಹೇಳಿ ಪಾಠ ಮಾಡುತ್ತಿದ್ದೆ. ಎಣಿಕೆಯೇ ಮಣ್ಣು, ಕ್ಯಾಲೆಂಡರುಗಳೆಲ್ಲ ಮಡಕೆ ಕುಡಿಕೆ. ಆಫೀಸಿನಲ್ಲಿ ಅಗ್ಗಕ್ಕೆ ಸಿಗುವ ಅದ್ವೈತ ಇದು.

ಆ ಅದ್ವೈತಕ್ಕೆ ಮೊದಲ ಏಟು ಹಾಕಿದವಳು ಅಮ್ಮ. ಅವಳ ಫೋನಿನಲ್ಲಿ ಅಕ್ಕರೆಯಿಂದ ‘ಇಂಡಿಯನ್’ ಕ್ಯಾಲೆಂಡರ್ ಹಾಕಿಕೊಟ್ಟಿದ್ದೆ. 2024ರ ಮಾರ್ಚ್ 25, ಹೋಳಿ. ‘ಏನೋ ಇದು, ನಿನ್ನ ಫೋನು ಚೈತ್ರ 5 ಅಂತಿದೆ. ಇನ್ನೂ ಕಾಮನನ್ನು ಸುಟ್ಟ ಬೂದಿ ಆರಿಲ್ಲ, ಯುಗಾದಿ ಯಾವಾಗ ಆಯ್ತು?’ ಎಂದು ಕೇಳಿದಳು. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು, ಏಪ್ರಿಲ್ 9ಕ್ಕೆ. ಫೋನು ತೋರಿಸುತ್ತಿದ್ದದ್ದು ರಾಷ್ಟ್ರೀಯ ಶಕ ಪಂಚಾಂಗವನ್ನು. ಮೇಘನಾದ ಸಾಹಾ ಅವರ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಸರ್ಕಾರ ಬಳಕೆಗೆ ತಂದದ್ದು ಅದು. ಹೆಸರು ಚೈತ್ರ, ವೈಶಾಖ ಎಂದೇ ಇದ್ದರೂ ಚಂದ್ರನಿಗೂ ಅದಕ್ಕೂ ಮಾತುಕತೆಯಿಲ್ಲ. ಹಿಂದಿನ ವರ್ಷವಾಗಿದ್ದರೆ ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ. 2023ರಲ್ಲಿ ಯುಗಾದಿ ಸರಿಯಾಗಿ ಮಾರ್ಚ್ 22ಕ್ಕೇ ಬಂದಿತ್ತು.

ನಮ್ಮ ಕಸುಬಿನವರೆಲ್ಲ ನೆಚ್ಚುವ ಯೂನಿಕೋಡ್‌ನವರ ಕ್ಯಾಲೆಂಡರ್ ಪಟ್ಟಿಯಲ್ಲಿ ಯೆಹೂದಿ ಪಂಚಾಂಗವಿದೆ, ಚೀನೀ ಇದೆ, ಇಸ್ಲಾಮಿಯದ್ದೇ ನಾಲ್ಕೈದು ಬಗೆಗಳಿವೆ. ಅಮ್ಮನ ಗೋಡೆಯ ಮೇಲಿನ ಒಂಟಿಕೊಪ್ಪಲ್ ಪಂಚಾಂಗದ ಬಗೆಯದ್ದು ಇಲ್ಲ. ಇದು ಬರೀ ಅಸಡ್ಡೆ ಎಂದುಕೊಂಡು ನಾನೇ ಬರೆಯಲು ಕೂತೆ. ಕ್ಯಾಲೆಂಡರುಗಳ ಲೆಕ್ಕಾಚಾರದ ಬಗ್ಗೆ ರೈನ್‌ಗೋಲ್ಡ್ ಮತ್ತು ಡೆರ್ಶೋವಿಟ್ಜ್ ಬರೆದ ಪುಸ್ತಕ ಕೈಯಲ್ಲಿತ್ತು. ಅದರಲ್ಲಿ ಚಾಂದ್ರಮಾನದ ಒಂದು ದಿನಕ್ಕೆ ಐದು ಮನೆ: ವರ್ಷ, ಮಾಸ, ಮಾಸ ಅಧಿಕವೋ ಅಲ್ಲವೋ, ತಿಥಿ, ತಿಥಿ ಎರಡನೇ ಸಲ ಬಂದದ್ದೋ ಅಲ್ಲವೋ. ಓದುವಾಗ ಸಂತೋಷವಾಯಿತು. ಐದು ಮನೆ ತುಂಬಿದರೆ ಮುಗಿಯಿತಲ್ಲ!

ಅಪ್ಪ ಹೋದದ್ದು 2023ರ ಆಗಸ್ಟಿನಲ್ಲಿ, ಅಧಿಕ ಶ್ರಾವಣದ ಬಹುಳ ದಶಮಿ. ವರ್ಷ ತಿರುಗುವಾಗ ಆಬ್ದಿಕ ಯಾವತ್ತು ಎಂದು ನನ್ನ ಪ್ರೋಗ್ರಾಮನ್ನೇ ಕೇಳಿದೆ. ಅದು ನಿಷ್ಠೆಯಿಂದ ಇನ್ನೊಂದು ಅಧಿಕ ಶ್ರಾವಣವನ್ನು ಹುಡುಕಿ, ಸಿಗದೆ, ಖಾಲಿ ಜಾಗ ತೋರಿಸಿತು. ಅದಕ್ಕೂ ಹಿಂದಿನ ಅಧಿಕ ಶ್ರಾವಣ ಬಂದದ್ದು 2004ರಲ್ಲಿ! ಶಾಸ್ತ್ರಿಗಳು ನಕ್ಕು, ಅಧಿಕದಲ್ಲಿ ಹೋದವರಿಗೆ ಮುಂದೆ ನಿಜಮಾಸದಲ್ಲೇ ಮಾಡುವುದು ಎಂದರು. ಒಂದು ಸಾಲು ತಿದ್ದಿದೆ.

2025ರಲ್ಲಿ ಒಂದು ಸಾಲಿನಿಂದ ಆಗಲಿಲ್ಲ.

ಆ ವರ್ಷ ಶ್ರಾವಣ ಬಹುಳ ದಶಮಿ ನಮ್ಮಲ್ಲಿ ಆಗಸ್ಟ್ 17ರ ಭಾನುವಾರ ಸಂಜೆ ಏಳೂವರೆ ಸುಮಾರಿಗೆ ಹಿಡಿದು, ಸೋಮವಾರ ಸಂಜೆ ಐದೂವರೆಯ ಹೊತ್ತಿಗೆ ಬಿಡುತ್ತಿತ್ತು. ಬೆಂಗಳೂರಿನಲ್ಲಿ ನಾನು ಸೋಮವಾರ ಮಾಡಬೇಕು, ತಕರಾರಿಲ್ಲ. ನ್ಯೂಜೆರ್ಸಿಯಲ್ಲಿರುವ ತಮ್ಮನಿಗೂ ಪ್ರೋಗ್ರಾಮು ಸೋಮವಾರ ಎಂದಿತು. ಅಲ್ಲಿನ ಸೂರ್ಯೋದಯಕ್ಕೆ ಸೋಮವಾರವೇ ದಶಮಿ ಇತ್ತು, ಗಣಿತ ಸರಿಯಾಗಿತ್ತು. ಆದರೆ ಅವನ ಪುರೋಹಿತರು ಭಾನುವಾರ ಎಂದರು. ಶ್ರಾದ್ಧಕ್ಕೆ ಸೂರ್ಯೋದಯದ ತಿಥಿಯಲ್ಲ, ಅಪರಾಹ್ನದ ತಿಥಿ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು. ಅಲ್ಲಿ ದಶಮಿ ಸೋಮವಾರ ಬೆಳಗ್ಗೆ ಎಂಟಕ್ಕೆ ಮುಂಚೆಯೇ ಮುಗಿದು, ಮಧ್ಯಾಹ್ನಕ್ಕೆ ಏಕಾದಶಿಯಾಗಿಬಿಡುತ್ತದೆ.

ಇದು ಬರೀ ತಪ್ಪು ಕೋಡಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಾನು ಹುಡುಕುತ್ತಿದ್ದ ‘ಇವತ್ತಿನ ತಿಥಿ’ ಎಂಬುದೇ ಅಲ್ಲಿ ಇರಲಿಲ್ಲ. ಸಂಕಷ್ಟಿಗೆ ಚಂದ್ರೋದಯದ ಹೊತ್ತು ನೋಡುತ್ತಾರೆ, ಶಿವರಾತ್ರಿಗೆ ನಡುರಾತ್ರಿ, ಶ್ರಾದ್ಧಕ್ಕೆ ಅಪರಾಹ್ನ. ಏಕಾದಶಿಯ ಉಪವಾಸಕ್ಕೆ ಸ್ಮಾರ್ತರ ದಿನ ಒಂದಾದರೆ ಮಾಧ್ವರ ದಿನ ಕೆಲವೊಮ್ಮೆ ಮಾರನೆಯದು. ದಿನಕ್ಕೆ ಅಂಟಿಸಿದ ಚೀಟಿಯಲ್ಲ ತಿಥಿ. ‘ಇವತ್ತು ಏನು?’ ಎಂದರೆ ಪಂಚಾಂಗ ‘ಯಾವ ಕೆಲಸಕ್ಕೆ? ಎಲ್ಲಿ ನಿಂತು? ಯಾವ ಮನೆಯವನು?’ ಎಂದು ತಿರುಗಿ ಕೇಳುತ್ತದೆ. ನನ್ನ ಐದು ಮನೆಗಳಲ್ಲಿ ಈ ಮೂರಕ್ಕೂ ಜಾಗವಿರಲಿಲ್ಲ.

ಸಂಕಲ್ಪ ಬಾಲ್ಯದಿಂದ ಕೇಳಿದ್ದು. ಬ್ರಹ್ಮನ ಆಯುಷ್ಯದಿಂದ ಹಿಡಿದು ಇವತ್ತಿನ ವಾರದವರೆಗೆ ಕಾಲ ಹೇಳುತ್ತ, ನಡುವೆ ದ್ವೀಪ, ವರ್ಷ, ನದಿ ಎಂದು ದೇಶವನ್ನೂ ಹೇಳಿ, ಕೊನೆಗೆ ಮಾಡುವ ಕರ್ಮ ಹೇಳುವುದು. ಅದನ್ನು ಬರಿಯ ವಿಳಾಸ ಎಂದುಕೊಂಡಿದ್ದೆ. ವಿಳಾಸವೇ ಆಗಿದ್ದರೆ ಕರ್ಮದ ಹೆಸರು ಯಾಕೆ? ಅಲ್ಲಿ ಕಾಲ, ದೇಶ, ಕರ್ಮ ಮೂರೂ ಸೇರಿದ ಮೇಲೇ ‘ಈಗ’ ಎಂಬುದು ಆಗುತ್ತದೆ. ತಮ್ಮನ ಪುರೋಹಿತರು ಜಂಬೂದ್ವೀಪದ ಜಾಗದಲ್ಲಿ ಕ್ರೌಂಚದ್ವೀಪ ಎಂದರಂತೆ. ನನ್ನ ಇಪ್ಪತ್ತೆರಡು ವರ್ಷದ ಕಸುಬನ್ನು ಅವರು ಒಂದು ಪದದಲ್ಲಿ ಮುಗಿಸಿದ್ದರು.

ವೈಶೇಷಿಕರು ಕಾಲ ಒಂದೇ ದ್ರವ್ಯ, ದಿನ ಮಾಸಗಳೆಲ್ಲ ಸೂರ್ಯನ ಚಲನೆಯಂಥ ಉಪಾಧಿಯಿಂದ ಬಂದವು ಎನ್ನುತ್ತಾರೆ. ಉಪಾಧಿ ಎಂದರೆ ತೆಗೆದೆಸೆಯಬೇಕಾದ ಸಿಪ್ಪೆ ಎಂದು ನಾನು ಓದಿಕೊಂಡಿದ್ದೆ. ಆದರೆ ಬದುಕುವವನಿಗೂ ಸತ್ತವನಿಗೂ ಸಿಗುವುದು ಉಪಾಧಿಯೊಳಗಿನ ಕಾಲವೇ. 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಯಾರಿಗೂ ಎಡೆ ಇಡಲಾಗದು. ತಟಸ್ಥವೆಂದು ನಾವು ಒಳಗಿಟ್ಟುಕೊಂಡಿರುವ ಗ್ರೆಗೋರಿಯನ್ ಕ್ಯಾಲೆಂಡರಾದರೂ ಎಲ್ಲಿಂದ ಬಂತು? 1582ರಲ್ಲಿ ಪೋಪ್ ಹತ್ತು ದಿನ ಕಿತ್ತುಹಾಕಿದ್ದು ಈಸ್ಟರ್ ಹಬ್ಬ ತನ್ನ ಋತು ಬಿಟ್ಟು ಸರಿಯಬಾರದೆಂದು.

ಈ ವಿಷಯದಲ್ಲಿ ನನಗೆ ಗೌರವ ಹುಟ್ಟಿಸಿದ್ದು ಡಾಟ್‌ನೆಟ್ ಎಂಬ ಸಾಫ್ಟ್‌ವೇರ್ ಚೌಕಟ್ಟಿನ ಹಿಜರಿ ಕ್ಯಾಲೆಂಡರಿನಲ್ಲಿರುವ ಒಂದು ಸಣ್ಣ ಹಿಡಿಕೆ. ಎರಡು ದಿನದವರೆಗೆ ಹಿಂದೆ ಮುಂದೆ ಸರಿಸಬಹುದು. ತಿಂಗಳು ಹುಟ್ಟುವುದು ಚಂದ್ರ ಕಣ್ಣಿಗೆ ಬಿದ್ದಾಗ. ಮೋಡ ಕವಿದಿತ್ತೋ, ಯಾರು ಕಂಡರೋ ಯಂತ್ರಕ್ಕೆ ತಿಳಿಯದು. ಅದನ್ನು ಬರೆದವರು ‘ನೀವೇ ನೋಡಿ ಹೇಳಿ’ ಎಂದು ಜಾಗ ಬಿಟ್ಟಿದ್ದಾರೆ. ನಾನೂ ಈಗ ತಿಥಿಯ ಕಾಲಮ್ಮು ಅಳಿಸಿ, ಹಿಡಿದ ಹೊತ್ತು, ಬಿಟ್ಟ ಹೊತ್ತು ಮಾತ್ರ ಇಟ್ಟು, ಕರ್ಮ ಯಾವುದೆಂದು ಕೇಳಲು ಹೊರಟಿದ್ದೇನೆ. ಸಂಪ್ರದಾಯಗಳ ಪಟ್ಟಿ ಬೆಳೆಯುತ್ತಲೇ ಇದೆ, ಮುಗಿಯುವ ಲಕ್ಷಣವಿಲ್ಲ.

ತಮ್ಮನ ಪುರೋಹಿತರು ಭಾನುವಾರ ಎಂದ ದಿನ ಮಾತ್ರ ನನಗೆ ಸಮಾಧಾನವಾಗಿರಲಿಲ್ಲ. ‘ಅಪ್ಪ ಒಬ್ಬರು, ತಾರೀಖು ಎರಡು. ಇದೆಂಥದ್ದಮ್ಮ?’ ಎಂದೆ. ಅಮ್ಮ ಎಳ್ಳು ಆರಿಸುತ್ತಿದ್ದಳು. ‘ಎರಡೆಲ್ಲೋ? ದಶಮಿ ಒಂದೇ ತಾನೆ. ಅವನಿಗೆ ಮಧ್ಯಾಹ್ನ ಆದಾಗ ಅವನು ಮಾಡ್ತಾನೆ, ನಿನಗೆ ಆದಾಗ ನೀನು.’ ಲೆಕ್ಕ ಹಾಕಿ ನೋಡಿದೆ. ಅವನ ಭಾನುವಾರದ ಅಪರಾಹ್ನವೂ ನನ್ನ ಸೋಮವಾರದ ಅಪರಾಹ್ನವೂ ಅದೇ ಇಪ್ಪತ್ತೆರಡು ಗಂಟೆಯೊಳಗಿದ್ದವು.

ಸೋಮವಾರ ನಾವು ಹಿತ್ತಲಲ್ಲಿ ಪಿಂಡ ಇಟ್ಟು ಕಾಗೆಗೆ ಕಾಯುತ್ತಿದ್ದಾಗ ತಮ್ಮನ ಫೋಟೋ ನೋಡಿದೆವು, ರಾತ್ರಿಯೇ ಕಳಿಸಿದ್ದ. ಅವನ ಹಿತ್ತಲಿನಲ್ಲಿ ಕಾಗೆ ಬಂದಿರಲಿಲ್ಲ. ಬೂದು ಬಣ್ಣದ ದಪ್ಪ ಅಳಿಲೊಂದು ಎರಡು ಕೈಯಲ್ಲಿ ಅನ್ನ ಹಿಡಿದು ಕೂತಿತ್ತು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, ‘ತುಪ್ಪ ಹಾಕಿದ್ದನಂತಾ ಕೇಳು’ ಎಂದಳು.