ಬೇಲಿಯೂ ದಾರಿಯೂ

ಇನ್ನೊಬ್ಬರ ಹೊಲವನ್ನು ಹಾಯ್ದು ನಡೆಯುವುದು ನಮ್ಮ ಹಕ್ಕೋ, ಅವರ ಉಪಕಾರವೋ? ಮೇಲುನೋಟಕ್ಕೆ ಇದು ವಕೀಲರಿಗೂ ಕಂದಾಯದ ಅಧಿಕಾರಿಗಳಿಗೂ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ಹಳ್ಳಿಯಲ್ಲಿ ಬಾಳಿದವರೆಲ್ಲರೂ ಒಂದಲ್ಲ ಒಂದು ದಿನ ಇದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲಿ ನಾನಿದನ್ನು ಎತ್ತಿಕೊಳ್ಳಲು ಕಾರಣ, ಒಮ್ಮೆ ನಾನು ತಪ್ಪು ಉತ್ತರ ಕೊಟ್ಟೆನೆಂಬುದು.

ಮಡತ್ತುಕುಳಂ ಸೀಮೆಯನ್ನು ಬಲ್ಲವರಿಗೆ ‘ಇಟ್ಟೇರಿ’ ಎಂಬ ಮಾತು ಹೊಸದಲ್ಲ. ಮನೆಯಲ್ಲಿ ಕನ್ನಡವಾಡುವ ನಾವು ಓಣಿಯೆಂದೋ ಬಂಡಿಜಾಡೆಂದೋ ಹೇಳಿದರೂ, ಹೊಲಕ್ಕಿಳಿದರೆ ನಮ್ಮ ಬಾಯಲ್ಲಿಯೂ ಬರುವುದು ಆ ಕೊಂಗುನಾಡಿನ ಮಾತೇ. ಎರಡು ಕಡೆಯೂ ಕಿಳುವೈ ಮುಂತಾದ ಗಿಡಗಳ ಜೀವಂತ ಬೇಲಿ, ನಡುವೆ ಒಂದು ಬಂಡಿ ಸಾಗುವಷ್ಟು ಜಾಗ. ನೋಡಿದವರಿಗೆ, ಎರಡೂ ಹೊಲದವರು ತಮ್ಮ ತಮ್ಮ ಬೇಲಿಯನ್ನು ಒಂದಿಷ್ಟು ಹಿಂದಕ್ಕೆ ನೆಟ್ಟು ಲೋಕಕ್ಕೆ ದಾರಿ ಬಿಟ್ಟಂತೆ ಕಾಣುತ್ತದೆ. ಅಮರಾವತಿ ನದಿಯ ಕುಮಾರಲಿಂಗಂ, ಕಣಿಯೂರು ಕಾಲುವೆಗಳ ನೀರುಣ್ಣುವ ಗದ್ದೆಗಳ ಕಡೆ ಕಾಲುವೆಯ ಏರಿಯೇ ದಾರಿ. ಅದೂ ಇಲ್ಲದೆಡೆ ಗದ್ದೆಯ ಬದುವೇ ಗತಿ.

ನಮ್ಮ ಪಾಲಿನ ಗದ್ದೆಯ ಬದುವಿನ ಮೇಲೆ, ಕಾಲುವೆಯಾಚೆಯ ಕೇರಿಯ ಮಕ್ಕಳು ಶಾಲೆಗೆ ಬರುತ್ತಿದ್ದರು. ನಾನು ಮುಖ್ಯೋಪಾಧ್ಯಾಯನಾಗಿದ್ದುದೂ ಅದೇ ಶಾಲೆಯಲ್ಲಿ. ಒಮ್ಮೆ ಕಾನೂನು ಬಲ್ಲ ಬಂಧುವೊಬ್ಬರು ಎಚ್ಚರಿಸಿದರು: “ಇಪ್ಪತ್ತು ವರ್ಷ ತುಂಬಿದರೆ ಬದು ನಿಮ್ಮ ಕೈ ತಪ್ಪುತ್ತದೆ. ಮೊದಲು ಮುಚ್ಚಿಸಿ.” ಅವರು ಹೇಳಿದುದು ಭಾರತೀಯ ಈಸ್‌ಮೆಂಟ್ ಕಾಯ್ದೆಯ ಮಾತು. 1882ರಲ್ಲಿ ಅದು ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮದರಾಸೂ ಕೊಡಗೂ ಸೇರಿದ್ದವು. ಅದರ 15ನೆಯ ಕಲಮಿನಂತೆ, ಪರರ ನೆಲದ ಮೇಲಿನ ದಾರಿಯನ್ನು 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕೆಂಬ ಭಾವದಿಂದಲೇ ಬಳಸಿದರೆ ಅದು ಹಕ್ಕಾಗಿಬಿಡುತ್ತದೆ. ನಾನು ಹೆದರಿದೆ, ಮುಳ್ಳುತಂತಿ ಹಾಕಿಸಿದೆ.

ಮರುವಾರದಿಂದ ಆ ಕೇರಿಯ ಮಕ್ಕಳು ತಡವಾಗಿ ಬರತೊಡಗಿದರು. ತಡವಾಗಿ ಬಂದವರನ್ನು ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ನಿಲ್ಲಿಸುವುದು ನನ್ನದೇ ಕಟ್ಟಳೆ. ಒಂದು ದಿನ ಆರನೆಯ ತರಗತಿಯ ಹುಡುಗನನ್ನು ಕಾರಣ ಕೇಳಿದೆ. “ದಾರಿ ಮುಚ್ಚಿಬಿಟ್ಟಿದ್ದಾರೆ ಸಾರ್” ಎಂದ. ಯಾರು ಎಂದು ಅವನು ಹೇಳಲಿಲ್ಲ; ನಾನೂ ಕೇಳಲಿಲ್ಲ. ಆ ವರ್ಷದ ಮಧ್ಯದಲ್ಲಿ ಅವನ ಅಕ್ಕ ಶಾಲೆ ಬಿಟ್ಟಳು. ಅದಕ್ಕೆ ನೂರು ಕಾರಣಗಳಿದ್ದಿರಬಹುದು. ಅವುಗಳಲ್ಲಿ ನನ್ನ ತಂತಿಯೂ ಒಂದಲ್ಲವೆಂದು ಹೇಳಲು ನನ್ನಿಂದಾಗದು. ಬೇಸಗೆಯ ರಜೆಯಲ್ಲಿ ತಂತಿಯನ್ನು ಕೀಳಿಸಿದೆ. ಹುಡುಗ ಬಂದ, ಹುಡುಗಿ ಬರಲಿಲ್ಲ.

ಬಹಳ ಕಾಲದ ಮೇಲೆ ಆ ಕಾಯ್ದೆಯನ್ನು ನಾನೇ ಓದಿ ತಿಳಿದೆ. ಅನುಮತಿ ಪಡೆದು ನಡೆಯುವ ದಾರಿ ಹಕ್ಕೆಂದು ನಡೆದ ದಾರಿಯಲ್ಲ. ಆದುದರಿಂದ ಎಷ್ಟು ವರ್ಷ ನಡೆದರೂ ಅದು ಹಾಗೆ ಹಕ್ಕಾಗಿ ಬೆಳೆಯುವುದಿಲ್ಲ. “ಮಕ್ಕಳು ಬರಲಿ, ನನ್ನ ಒಪ್ಪಿಗೆಯಿದೆ” ಎಂದು ಕೇರಿಯ ಹಿರಿಯರ ಮುಂದೆ ಹೇಳಿ, ಒಂದು ಕಾಗದದಲ್ಲಿ ಬರೆದಿಟ್ಟಿದ್ದರೆ ಸಾಕಿತ್ತು. ಬೇಲಿ ಬೇಕಿರಲಿಲ್ಲ.

ಹೀಗೆ ಒಪ್ಪಿಗೆಯ ಮೇಲೆಯೇ ನಿಂತ ದಾರಿಗಳನ್ನು ನಾನು ದೂರದೇಶದಲ್ಲಿ ಕಂಡೆ. ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲ ಕಳೆದಾಗ, ಹಿಮ ಮುಚ್ಚಿದ ಜೋಳದ ಹೊಲಗಳ ಮೇಲೆ ಸ್ನೋಮೊಬೈಲ್ ಎಂಬ ವಾಹನಗಳು ಓಡುವುದನ್ನು ನೋಡಿದೆ. ಚಕ್ರದ ಬದಲು ಹಿಂದೆ ಪಟ್ಟಿ, ಮುಂದೆ ಜಾರುವ ಹಲಗೆ. ಆ ರಾಜ್ಯದಲ್ಲಿ ಇವುಗಳಿಗೆಂದು ಗುರುತಿಸಿದ ದಾರಿ 20,000 ಮೈಲಿಗೂ ಮಿಕ್ಕಿದೆ. ಅದರಲ್ಲಿ ಬಹುಪಾಲನ್ನು ಸ್ಥಳೀಯ ಸಂಘಗಳ ಸ್ವಯಂಸೇವಕರೇ ನೋಡಿಕೊಳ್ಳುತ್ತಾರೆ. ಎಷ್ಟೋ ಕಡೆ ನೆಲ ಖಾಸಗಿ ರೈತರದು. ಸಂಘದವರು ರೈತನ ಒಪ್ಪಿಗೆ ಕೇಳಿ, ಫಲಕ ನೆಟ್ಟು, ಹಿಮವನ್ನು ಹದಮಾಡುತ್ತಾರೆ. ಹಣ ಪಡೆಯದೆ ನೆಲ ಬಿಟ್ಟುಕೊಟ್ಟ ರೈತನ ತಲೆಗೆ ಅಪಘಾತದ ಹೊಣೆ ಸುಲಭವಾಗಿ ಬೀಳದಂತೆ ಕಾನೂನು ಕಾಯುತ್ತದೆ. ಆದರೆ ಸವಾರನೊಬ್ಬ ಗುರುತು ಬಿಟ್ಟು ಬೆಳೆಯ ಮೇಲೆ ಹಾಯ್ದನೆಂದರೆ ರೈತ ತನ್ನ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಬಹುದು. ಆಗ ದಾರಿ ನಡುವೆಯೇ ತುಂಡಾಗಿ, ತಪ್ಪು ಮಾಡದ ಸವಾರರಿಗೂ ಇಲ್ಲವಾಗುತ್ತದೆ.

ಹಾಗಾದರೆ ಎಲ್ಲ ದಾರಿಗಳನ್ನೂ ಒಪ್ಪಿಗೆಗೆ ಬಿಡೋಣವೆ? ಒಮ್ಮೆ ನನಗೂ ಹಾಗೆ ತೋರಿತ್ತು. ಈಗ ತೋರುವುದಿಲ್ಲ. ಉಪಕಾರದ ದಾರಿಯಲ್ಲಿ ನಡೆಯುವವನ ತಲೆ ತಗ್ಗಿರುತ್ತದೆ. ನಮ್ಮ ನಾಡಿನಲ್ಲಿ ನೆಲವಿಲ್ಲದವರ ತಲೆ ಸಾಕಷ್ಟು ತಗ್ಗಿದೆ. ಹಿಮದ ಮೇಲಿನ ಸವಾರಿ ವಿನೋದ. ಅದಕ್ಕೆ ಕೇಳಿ ಪಡೆಯುವುದೇ ಶೋಭೆ. ಶಾಲೆಯ ದಾರಿ, ನೀರಿನ ದಾರಿ, ಸ್ಮಶಾನದ ದಾರಿ ವಿನೋದವಲ್ಲ. ಅದೇ ಕಾಯ್ದೆಯ 13ನೆಯ ಕಲಮು, ಒಂದೇ ಆಸ್ತಿ ಮಾರಾಟದಿಂದಲೋ ಪಾಲಿನಿಂದಲೋ ತುಂಡಾದಾಗ ಬೇರೆ ದಾರಿಯೇ ಇಲ್ಲದ ತುಂಡಿಗೆ ಅವಶ್ಯಕತೆಯ ಹಕ್ಕನ್ನು ಕೊಡುತ್ತದೆ. ಸುತ್ತುದಾರಿಯೊಂದಿದ್ದರೆ ಅನುಕೂಲವಷ್ಟೇ ಎಂದು ಅದು ಸುಮ್ಮನಾಗುತ್ತದೆ. ನನ್ನ ಶಾಲೆಯ ಮಕ್ಕಳಿಗೆ ಸುತ್ತುದಾರಿ ಇತ್ತು. ಆದುದರಿಂದ ಆ ಕಲಮಿನ ಕಣ್ಣಿನಲ್ಲಿ ಅವರಿಗೆ ಅವಶ್ಯಕತೆ ಇರಲಿಲ್ಲ. ಹತ್ತು ವರ್ಷದ ಮಗುವಿನ ಕಾಲಿಗೆ ಯಾವುದು ಅವಶ್ಯಕ ಎಂಬುದನ್ನು ಅಳೆಯುವುದು ಕಾನೂನಿನ ಕೈಲಾಗದ ಕೆಲಸ. ಅದು ಹೊಲದ ಒಡೆಯನ ಅಂತಃಕರಣಕ್ಕೆ ಬಿಟ್ಟದ್ದು. ಅಲ್ಲಿ ನಾನು ಸೋತೆ.

ಕರಾವಳಿಯ ಕನ್ನಡಿಗರ ತೋಟಗಳಲ್ಲಿ ‘ತಡಮೆ’ ಎಂಬುದೊಂದಿದೆ. ಬೇಲಿಯ ನಡುವೆ ದನ ನುಗ್ಗದಂತೆ, ಮನುಷ್ಯ ಮಾತ್ರ ದಾಟುವಂತೆ ಮಾಡಿದ ಕಂಡಿ. ಬೆಳೆಯೂ ಉಳಿಯುತ್ತದೆ, ನಡೆಯುವವನೂ ಉಳಿಯುತ್ತಾನೆ. ನಮ್ಮ ಬದುವಿನ ತುದಿಯಲ್ಲಿಯೂ ಅಂಥದೊಂದನ್ನು ಮಾಡಿಸಿದ್ದೇನೆ. ಈಗ ಆ ಕೇರಿಯ ಮಕ್ಕಳು ಬಸ್ಸಿನಲ್ಲಿ ಹೋಗುತ್ತಾರೆ; ಬದುವಿನ ಮೇಲೆ ನಡೆಯುವವರು ವಿರಳ. ಆದರೂ ಮಳೆಗಾಲ ಕಳೆದ ಮೇಲೆ ಆ ಕಂಡಿಗೆ ಹಬ್ಬಿದ ಮುಳ್ಳನ್ನು ನಾನೇ ಹೋಗಿ ಸವರಿ ಬರುತ್ತೇನೆ. ನನ್ನ ಮಕ್ಕಳಿಗೂ ಹೇಳಿದ್ದೇನೆ: ಗದ್ದೆಯನ್ನು ಮಾರಿದರೂ, ಕೊಳ್ಳುವವರಿಗೆ ಈ ದಾರಿಯ ಮಾತನ್ನು ಹೇಳಿಯೇ ಮಾರಿರಿ.