ಇಳಿಯಲು ಬಲ್ಲ ಅಧಿಕಾರ

ಅಧಿಕಾರ ಮನುಷ್ಯನ ಗುಣವೋ, ಅವನು ನಿಂತ ಜಾಗದ ಗುಣವೋ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ರಾಜರ ಕಥೆಗಳಲ್ಲ, ಅರವತ್ತರ ದಶಕದ ಕೋಣೆ ತುಂಬುವ ಕಂಪ್ಯೂಟರುಗಳು.

ಮೊದಮೊದಲ ಕಂಪ್ಯೂಟರುಗಳಲ್ಲಿ ಮೇಲು ಕೀಳು ಇರಲಿಲ್ಲ. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮು, ಇಡೀ ಯಂತ್ರ ಅದರದೇ. ಅದು ತಪ್ಪಿದರೆ ಕೆಡುತ್ತಿದ್ದದ್ದು ಅದರ ಕೆಲಸವಷ್ಟೇ. ಆದರೆ ಯಂತ್ರ ಬಲು ದುಬಾರಿ. ಒಬ್ಬರ ಕೆಲಸ ಟೇಪಿಗಾಗಿ ಕಾಯುವಾಗ ಇನ್ನೊಬ್ಬರದು ನಡೆಯಲೆಂದು ಹಲವು ಪ್ರೋಗ್ರಾಮುಗಳನ್ನು ಒಂದೇ ಮೆಮೊರಿಯಲ್ಲಿ ಕೂರಿಸತೊಡಗಿದರು. ನೆರೆಹೊರೆ ಹುಟ್ಟಿತು, ಅದರ ಜೊತೆಗೇ ನೆರೆಯ ಭಯವೂ. ಒಬ್ಬರ ಪ್ರೋಗ್ರಾಮಿನ ತಪ್ಪು ಇನ್ನೊಬ್ಬರ ಲೆಕ್ಕವನ್ನು ಅಳಿಸಿಬಿಡಬಹುದಿತ್ತು.

1964ರ ಏಪ್ರಿಲ್‌ನಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360 ಇದಕ್ಕೆ ಕಂಡುಕೊಂಡ ದಾರಿ ಸರಳ. ಯಂತ್ರ ಈಗ ಯಾವ ಹಂತದಲ್ಲಿದೆ ಎಂದು ಹೇಳುವ 64 ಬಿಟ್‌ಗಳ ಒಂದು ಪದ ಅದರಲ್ಲಿತ್ತು. ಅದರಲ್ಲಿ 15 ಎಂಬ ಸಂಖ್ಯೆಯ ಬಿಟ್ ಸೊನ್ನೆಯಾಗಿದ್ದರೆ 'ಸೂಪರ್‌ವೈಸರ್' ಸ್ಥಿತಿ, ಒಂದಾಗಿದ್ದರೆ 'ಪ್ರಾಬ್ಲಮ್' ಸ್ಥಿತಿ. ಪ್ರಾಬ್ಲಮ್ ಎಂದರೆ ಇಲ್ಲಿ ತಂಟೆಕೋರನಲ್ಲ, ಬಿಡಿಸಬೇಕಾದ ಒಂದು ಲೆಕ್ಕವನ್ನು ಹಿಡಿದು ಬಂದವನು. ಅವನು ಕೂಡಬಹುದು, ಕಳೆಯಬಹುದು, ಹೋಲಿಸಬಹುದು. ಆದರೆ ಟೇಪನ್ನೋ ಪ್ರಿಂಟರನ್ನೋ ನೇರವಾಗಿ ನಡೆಸುವಂತಿಲ್ಲ, ಮೆಮೊರಿಯ ಕಾವಲಿನ ಕೀಲಿ ಬದಲಿಸುವಂತಿಲ್ಲ. ಪ್ರಯತ್ನಿಸಿದರೆ ಯಂತ್ರ ಆ ಆದೇಶವನ್ನು ನಡೆಸದೆ ಸೂಪರ್‌ವೈಸರಿಗೆ ಒಪ್ಪಿಸುತ್ತದೆ.

ಇದು ಬಳಕೆದಾರನಿಗೆ ಮಾಡಿದ ಅವಮಾನವೇ? ನನಗೆ ಹಾಗನ್ನಿಸುವುದಿಲ್ಲ. ನನ್ನ ಕೈ ಕಟ್ಟಿದ ಅದೇ ಹಗ್ಗ ನನ್ನ ನೆರೆಯವನ ಕೈಯನ್ನೂ ಕಟ್ಟಿದೆ. ಅದರಿಂದಲೇ ಗುರುತಿಲ್ಲದ ಇಬ್ಬರು ಒಂದೇ ಸೂರಿನಡಿ ನಿಶ್ಚಿಂತೆಯಿಂದ ಇರಬಹುದು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಯಂತ್ರದೊಳಗೆ ಆಳುವ ಪ್ರೊಸೆಸರ್ ಒಂದು, ದುಡಿಯುವ ಪ್ರೊಸೆಸರ್ ಇನ್ನೊಂದು ಎಂದಿರಲಿಲ್ಲ. ಈಗಷ್ಟೇ ಯಾರದೋ ಸಂಬಳ ಕೂಡಿದ ಅದೇ ಮಂಡಲ ಮರುಕ್ಷಣ ಸೂಪರ್‌ವೈಸರ್ ಆಗುತ್ತಿತ್ತು. ಅದು ಸ್ಥಿತಿಯೇ ಹೊರತು ಜಾತಿಯಲ್ಲ.

ಟೇಪು ಬೇಕಾದ ಪ್ರೋಗ್ರಾಮು 'ಸೂಪರ್‌ವೈಸರ್ ಕಾಲ್' ಎಂಬ ಆದೇಶದಿಂದ ಕೇಳಿಕೊಳ್ಳಬೇಕು. ಯಂತ್ರ ಅದರ ಹಳೆಯ ಸ್ಥಿತಿಯನ್ನು ಮೆಮೊರಿಯ 32ನೆಯ ವಿಳಾಸದಲ್ಲಿ ಬರೆದಿಟ್ಟು, 96ನೆಯ ವಿಳಾಸದಿಂದ ಹೊಸ ಸ್ಥಿತಿಯನ್ನು ಎತ್ತಿಕೊಳ್ಳುತ್ತದೆ. ಕೇಳಿದವನಿಗೆ ಸಹಾಯ ಸಿಗುತ್ತದೆ, ಅಧಿಕಾರ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಸೂಪರ್‌ವೈಸರ್ ಆ ಹಳೆಯ ಸ್ಥಿತಿಯನ್ನು ಮತ್ತೆ ತುಂಬಿ ಕೆಳಗಿಳಿಯುತ್ತದೆ. ಹಾಗೆ ತುಂಬುವ ಆದೇಶವೂ ಮೇಲಿನ ಸ್ಥಿತಿಗೆ ಮಾತ್ರ ಮೀಸಲು. ಅಂದರೆ ಅಧಿಕಾರದ ಕೊನೆಯ ಬಳಕೆ ಅಧಿಕಾರವನ್ನು ಬಿಡುವುದೇ. ಹತ್ತುವುದಕ್ಕೆ ಕೇಳಬೇಕು, ಇಳಿಯುವುದಕ್ಕೆ ಯಾರನ್ನೂ ಕೇಳಬೇಕಿಲ್ಲ.

ನಮ್ಮಲ್ಲಿ ಇದು ತಿರುವುಮುರುವು. ಕಚೇರಿಯ ಕುರ್ಚಿಯಲ್ಲಿ ಹುಟ್ಟಿದ ಗಡಸು ದನಿ ಸಂಜೆ ಮನೆಗೂ ಬರುತ್ತದೆ, ನಿವೃತ್ತಿಯಾದ ಮೇಲೂ ಗಂಟಲಲ್ಲೇ ಉಳಿಯುತ್ತದೆ. ಕೆಲವರಿಗೆ ಮೇಲಿನ ಸ್ಥಿತಿ ಹುಟ್ಟಿನಿಂದಲೇ ಬಂದಿರುತ್ತದೆ. ಎಷ್ಟು ಕೇಳಿದರೂ ಬಾಗಿಲು ತೆರೆಯದವರೂ ಇದ್ದಾರೆ.

ಹಾಗೆಂದು ಯಂತ್ರವನ್ನು ಪೂಜಿಸಬೇಕಿಲ್ಲ. ಸಿಸ್ಟಮ್/360ರಲ್ಲಿ ಕಾವಲಿನ ಕೀಲಿ ಸೊನ್ನೆಯಾಗಿದ್ದವನಿಗೆ ಮೆಮೊರಿಯ ಯಾವ ಭಾಗದಲ್ಲಿ ಬರೆಯಲೂ ತಡೆಯಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ? ಎಂ.ಐ.ಟಿ., ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಆರಂಭಿಸಿದ ಮಲ್ಟಿಕ್ಸ್ ಅಧಿಕಾರವನ್ನು ಒಂದರೊಳಗೊಂದು ಉಂಗುರಗಳಾಗಿ ಹಂಚಿತು. ಹನಿವೆಲ್ 6180 ಯಂತ್ರದಲ್ಲಿ ಅಂಥ ಎಂಟು ಉಂಗುರಗಳಿದ್ದವು. ಎಷ್ಟು ಹಂಚಿದರೂ ಎಲ್ಲಕ್ಕಿಂತ ಒಳಗಿನ ಒಂದು ಉಂಗುರ ಉಳಿದೇ ಉಳಿಯುತ್ತದೆ. ಅದನ್ನು ನಂಬಲೇಬೇಕು.

ಆ ನಂಬಿಕೆಗೆ ಆಧಾರ ಸೂಪರ್‌ವೈಸರಿನ ಒಳ್ಳೆಯತನವಲ್ಲ, ಅದಕ್ಕೆ ಒಳ್ಳೆಯತನವೇ ಇಲ್ಲ. ಅದು ಕೆಳಗಿಳಿಯುವುದು ಯಾರೋ ಮೊದಲೇ ಇಳಿಯುವ ಸಾಲನ್ನು ಬರೆದಿಟ್ಟದ್ದರಿಂದ, ಬರೆದದ್ದನ್ನು ಇನ್ನೊಬ್ಬರು ಓದಿ ಸರಿನೋಡಬಹುದಾದ್ದರಿಂದ. ಆದ್ದರಿಂದ ಯಾರಿಗಾದರೂ ಅಧಿಕಾರ ಕೊಡುವಾಗ ಅವರು ಒಳ್ಳೆಯವರೇ ಎಂದು ಕೇಳಿದರೆ ಸಾಲದು. ಇಳಿಯುವ ಸಾಲು ಎಲ್ಲಿ ಬರೆದಿದೆ, ಅದನ್ನು ನಾವು ಓದಬಹುದೇ ಎಂದೂ ಕೇಳಬೇಕು.